ಎಡಗಡೆಯ ಸ್ಪೀಕರಿನಲ್ಲಿ

ಡಿಮೆಟ್ರಿಸ್ ಎಂಬ ಹುಡುಗ ಬಂದಿದ್ದಾನೆ ಕಂಪ್ಯೂಟರು ಹೊತ್ತು,
ಬೂಟಿನ ಹಿಮವನ್ನು ಬಾಗಿಲಲ್ಲೇ ಒದರಿ. ಒಳ್ಳೆಯ ಮನೆತನ.
ನನ್ನ ತರ್ಮನ್ ಇಪ್ಪತ್ತಮೂರಕ್ಕೆ ಮಾಡಿದ ಮೊದಲ ಆಲ್ಬಮ್ಮನ್ನು
ತೊಳೆದು ಒಣಗಿಸಿ ಮತ್ತೆ ಮಾರುತ್ತಾರಂತೆ.
‘ಒಂದು ಅನುಮಾನ, ಮಿಸ್ ಲೂವೀನಿಯಾ.
ಮೂರನೆಯದರಲ್ಲಿ, ನಾಲ್ಕು ನಿಮಿಷದ ಹತ್ತಿರ,
ಎಡಗಡೆಯ ಸ್ಪೀಕರಿನಲ್ಲಿ ಏನೋ ಬಡಿಯುತ್ತೆ.
ತಾಳಕ್ಕೆ ಸೇರಿದ್ದಲ್ಲ. ಟೇಪಿನ ದೋಷವಿರಬೇಕು.
ಅಳಿಸಲೋ, ಉಳಿಸಲೋ?’

ತರ್ಮನ್‌ನನ್ನೇ ಕೇಳಬಹುದಿತ್ತು. ಕೇಳಿದನಂತೆ.
ಬಸ್ಸಿನ ಸ್ಟಿಯರಿಂಗು ಬಿಡದೆ ‘ಅಮ್ಮನನ್ನು ಕೇಳು’ ಅಂದನಂತೆ.

ಇದನ್ನೆಲ್ಲ ನಾನು ಕೇಳಿದ್ದು ಕಿವಿಯಿಂದಲ್ಲ, ಅಂಗಾಲಿನಿಂದ.
ಅವನು ನೆಲಮಾಳಿಗೆಯಲ್ಲಿ, ನಾನು ಮೇಲೆ ಒಲೆಯ ಮುಂದೆ.
ಉಪ್ಪಿನ ಡಬ್ಬಿ ಮೇಜಿನ ಅಂಚಿಗೆ ತಾನೇ ನಡೆದು ಬರುತ್ತಿತ್ತು,
ಕಪಾಟಿನ ಬಟ್ಟಲುಗಳು ಹಲ್ಲು ಕಡಿಯುತ್ತಿದ್ದವು.
ಇವತ್ತು ಮೊದಲ ಸಲ ಕುರ್ಚಿಯಲ್ಲಿ ಕೂತು
ಚರ್ಚಿನಲ್ಲಿ ಕೂತ ಹಾಗೆ, ಕೈಕಟ್ಟಿ, ಕೇಳುತ್ತಿದ್ದೇನೆ.

ಮೊದಲನೆಯದು. ಧಡ್ ಧಡ್ ಧಡ್ ಧಡ್.
ನಾಲ್ಕು, ಮತ್ತೆ ನಾಲ್ಕು, ಬಿಡಿಗಾಸು ಎಣಿಸುವ ಜಿಪುಣನಂತೆ.
ಮೇಲೊಂದು ಚುಂಯ್, ಕಾದ ಬಾಣಲೆಗೆ ಬಿದ್ದ ಹನಿ.
ಡೆಟ್ರಾಯ್ಟಿಗೆ ಬಂದವರೆಲ್ಲ ಬರೆದರು
ಇದು ಕಾರ್ಖಾನೆಯ ಎದೆಬಡಿತವೆಂದು.
ಬರೆದುಕೊಳ್ಳಲಿ.
ಕಾರ್ಖಾನೆಯ ಒಳಗೆ ಹೋದದ್ದು ಅವನಪ್ಪ;
ಹುಡುಗ ಹೋದದ್ದು ಗೇಟಿನವರೆಗೆ,
ಮರೆತ ಊಟದ ಡಬ್ಬಿ ಕೊಡಲು, ಎರಡೇ ಸಲ.
ಇದು ನನ್ನ ವಾಷಿಂಗ್ ಮಶೀನು.
ಒಂದು ಕಾಲು ಗಿಡ್ಡ, ಅಡಿಗೆ ರಟ್ಟು ಮಡಚಿಟ್ಟಿದ್ದೆ.
ಶನಿವಾರ ಹಾಸುಬಟ್ಟೆ ತುಂಬಿದರೆ ಹೀಗೇ ಕುಂಟುತ್ತಿತ್ತು.
ಗಿರವಿ ಅಂಗಡಿಯಿಂದ ತಂದ ಡ್ರಮ್ ಮಶೀನಿಗೆ
ಆ ಕುಂಟುನಡೆ ಕಲಿಸಲು ವಾರಗಟ್ಟಲೆ ಕೂತ.

ಎರಡನೆಯದು ಹೇಗಿತ್ತೋ. ಡಿಮೆಟ್ರಿಸ್ ಕಣ್ಣು ಮುಚ್ಚಿದ್ದ.
ನನಗೆ ಒಲೆಯ ಮೇಲಿನ ಕಾಳು ಸೀಯುವ ಚಿಂತೆ.

ಮೂರನೆಯದು. ಬಂತು. ಢಬ್. ಢಬ್.
ಅಯ್ಯೋ ಮಗುವೇ, ಅದು ದೋಷವಲ್ಲ, ಪೊರಕೆ.
ಅಡುಗೆಮನೆಯ ನೆಲಕ್ಕೆ ಹಿಡಿಯ ತುದಿಯಿಂದ ಕುಟ್ಟಿದ್ದು.
ಸರಿಯಾದ ತಂತಿಗಳಿರಲಿಲ್ಲ ಅವನ ಹತ್ತಿರ;
ಬಟ್ಟೆಯ ಹಗ್ಗಕ್ಕೆ ಮೈಕು ಕಟ್ಟಿ ತೊಲೆಯಿಂದ ಇಳಿಬಿಟ್ಟಿದ್ದ,
ಸರಿಯಾಗಿ ನನ್ನ ಕಾಲಡಿಗೆ.
ನಮ್ಮಲ್ಲಿ ಅದಕ್ಕೊಂದು ಭಾಷೆಯೇ ಇತ್ತು:
ಒಂದು ಕುಟ್ಟಿದರೆ ಫೋನು ಬಂದಿದೆ,
ಎರಡಕ್ಕೆ ಊಟ,
ಮೂರಕ್ಕೆ ಸಾಕು ನಿಲ್ಲಿಸು,
ರಾತ್ರಿಪಾಳಿ ಮುಗಿಸಿ ಅಪ್ಪ ಮಲಗಿದ್ದಾನೆ.

ಹುಡುಗ ನಕ್ಕ. ಆ ಜಾಗ ಬಂದಾಗ
ರಾಟರ್‌ಡ್ಯಾಮಿನಲ್ಲಿ ಜನ ಕೈಯೆತ್ತಿ ಕೂಗುತ್ತಾರಂತೆ.
ಎಲ್ಲಿಯ ರಾಟರ್‌ಡ್ಯಾಮು, ಎಲ್ಲಿಯ ನನ್ನ ಕೋಳಿಸಾರು!
ಸಾವಿರ ಜನ ಬೆವರಿಳಿಸಿ ಕುಣಿದರು
ಊಟಕ್ಕೆ ಬಾ ಎಂದದ್ದಕ್ಕೆ.
ಬಂದವರು ಮಾತ್ರ ಯಾರೂ ಇಲ್ಲ.
ಅವತ್ತು ಅವನೂ ಬಂದಿರಲಿಲ್ಲ. ಸಾರು ಆರಿತ್ತು.

‘ಹಾಗಾದರೆ ಕೊನೆಯದು?’ ಎಂದ. ‘ಅಲ್ಲಿ ನಾಲ್ಕಿವೆ.’

ನಾಲ್ಕೆ? ನಾಲ್ಕಕ್ಕೆ ನಮ್ಮಲ್ಲಿ ಅರ್ಥವೇ ಇರಲಿಲ್ಲ.
‘ಹಾಕು ನೋಡೋಣ.’
ಒಂದೊಂದಾಗಿ ಎಲ್ಲ ಕಳಚಿಕೊಂಡವು,
ಬಾಣಲೆಯ ಹನಿ, ಗುಂಯ್ಗುಡುವ ಕೆಳದನಿ,
ಕುಂಟುವ ಮಶೀನು ಒಂದೇ ಉಳಿಯಿತು, ಬರಿಮೈಯಲ್ಲಿ.
ಆಗ ನಾನು.
ಢಬ್ ಢಬ್ ಢಬ್ ಢಬ್.
ತಾಳದ ಮೇಲೇ. ಕೂದಲೆಳೆಯಷ್ಟೂ ಆಚೀಚೆಯಿಲ್ಲ.

ಆ ವಾರ ಅವನಪ್ಪನಿಗೆ ಹಗಲುಪಾಳಿ.
ಮನೆಯಲ್ಲಿ ಮಲಗಿದವರಿರಲಿಲ್ಲ, ನೋಡುವವರೂ.
ಕೈಯಲ್ಲಿ ಪೊರಕೆ, ನನಗೆ ನಲವತ್ತೆಂಟು,
ಇದು ಸಂಗೀತವಲ್ಲ ಕಣೋ, ಬರೀ ಕರೆಂಟು ಬಿಲ್ಲು
ಎಂದು ಬೆಳಗ್ಗೆಯಷ್ಟೇ ಬೈದಿದ್ದೆ.

ಡಿಮೆಟ್ರಿಸ್ ನನ್ನ ಮುಖವನ್ನೇ ನೋಡುತ್ತಿದ್ದ.
‘ಮೂರನೆಯದರದ್ದು ಊಟದ ಕರೆ, ಇರಲಿ.
ಇದು ಟೇಪಿನ ದೋಷ. ಹಾಗೇ ಬರೆದುಕೋ.’
‘ಅಳಿಸಲಾ?’
‘ದೋಷ ಅಂದೆ. ಅಳಿಸು ಅಂದೆನೆ?’

ಹೊರಗೆ ಆರೂ ಹತ್ತರ ಬಸ್ಸು ಮೂಲೆ ತಿರುಗಿತು,
ಕಿಟಕಿಯ ಗಾಜು ಒಮ್ಮೆ ಗಡಗಡಿಸಿತು.
ಗೊತ್ತಿತ್ತು ಅವನಿಗೆ. ಮೂವತ್ತೈದು ವರ್ಷ.
ಒಮ್ಮೆಯೂ ಬಾಯಿಬಿಟ್ಟಿಲ್ಲ, ಕಳ್ಳ.