ಡಿಸೆಂಬರಿನ ಹುಡುಗರು

ಪಾಯ್ಸಾಂದು ಊರಲ್ಲಿ, ಉರುಗ್ವೆ ನದಿಯ ದಂಡೆಗೆ,
ಬೀಗ ಬಿದ್ದ ಮಾಂಸದ ಕಾರ್ಖಾನೆಯ ಬೆನ್ನಿಗೆ ನಮ್ಮ ಮೈದಾನ.
ಹುಡುಗರನ್ನು ಅಂಕಿ ಮಾಡುವುದು ಅಲ್ಲಿ ನನ್ನ ಕೆಲಸ.
ಒದ್ದೆ ಬನಿಯನ್ನುಗಳ ಬೆನ್ನಿಂದ
ಬೆಂಕಿಪೊಟ್ಟಣದಷ್ಟು ಯಂತ್ರ ಕಳಚುತ್ತೇನೆ.
ಓಡಿದ್ದೆಷ್ಟು, ನಿಂತದ್ದೆಷ್ಟು,
ಎದೆ ಎಷ್ಟು ಬಡಿಯಿತು.
ಯಾಕೆ ಬಡಿಯಿತು ಅನ್ನುವುದಕ್ಕೆ ಕಾಲಂ ಇಲ್ಲ.

ಹೋದ ವಾರ ಕಾರ್ಯದರ್ಶಿ ಓಲ್ಮೆದೊ ಬಂದು
ಮೇಜಿನ ಮೇಲೊಂದು ನೋಟುಬುಕ್ಕು ಎಸೆದ.
ರಟ್ಟಿಗೆ ಇನ್ನೂ ಕೊಬ್ಬಿನ ವಾಸನೆ.
"ಕ್ಲಬ್ಬಿಗೆ ನೂರು ತುಂಬಿತು. ತಾಳೆ ಹಾಕಿ ಹೇಳು,
ಯಾರು ದೊಡ್ಡವನು, ನಮ್ಮ ನಹುಯೆಲನೋ, ಆ ಬಾಲ್ದೊಮೇರೊನೋ?
ಗೋಡೆ ಮೇಲೆ ಒಬ್ಬನ ಚಿತ್ರಕ್ಕಷ್ಟೇ ದುಡ್ಡಿದೆ."

ಬರೆದಿಟ್ಟವನು ತೂಕದ ಕಟ್ಟೆಯ ಗುಮಾಸ್ತ ಎಲೆಯುತೇರಿಯೊ.
ವಾರವೆಲ್ಲ ಸತ್ತ ದನ ತೂಗಿದ ಕೈ
ಭಾನುವಾರ ಬದುಕಿದ್ದವರನ್ನು ತೂಗಿತು,
ಅದೇ ನೀಲಿ ಪೆನ್ಸಿಲ್ಲಲ್ಲಿ:

"ಬಾಲ್ದೊಮೇರೊ. ಎರಡು ಗೋಲು. ಮಳೆ.
ಚೆಂಡು ನೀರು ಕುಡಿದು ಕರುವಿನ ತಲೆಯಷ್ಟು ಭಾರ."
"ಗೋಲಿಲ್ಲ. ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದ.
ಅರ್ಧ ಆಟ ನಿದ್ದೆಯಲ್ಲೇ ಓಡಿದ. ಆದರೂ ಯಾರ ಕೈಗೂ ಸಿಗಲಿಲ್ಲ."
"ಒಂದು ಗೋಲು. ಬಲಗಾಲಿನ ಬೂಟು ತಮ್ಮನದು."

ನಹುಯೆಲನಿಗೆ ಹದಿನೇಳು. ಅಳತೆಯ ಹಾಲು, ಅಳತೆಯ ನಿದ್ದೆ.
ಮೂಳೆಗೆ ಇನ್ನೆಷ್ಟು ಬೆಳೆಯುವ ಮನಸ್ಸಿದೆ ಎಂದು
ಮಣಿಕಟ್ಟಿನ ಎಕ್ಸ್‌ರೇ ಕೂಡ ತೆಗೆಸಿದ್ದೇವೆ.
ಅವನ ಮೂವತ್ತೊಂದು ಗೋಲುಗಳನ್ನು ನಿಮಿಷಗಳಿಂದ ಭಾಗಿಸಿದೆ.
ಬಾಲ್ದೊಮೇರೊನವನ್ನು ಯಾವುದರಿಂದ ಭಾಗಿಸಲಿ?
ಮಳೆಯಿಂದಲೋ? ತಮ್ಮನ ಬೂಟಿನಿಂದಲೋ?
ಎದುರಿನ ಗೋಲಿ ಬೇಕರಿಯವನು, ಹಿಟ್ಟು ನಾದಿದ ಕೈ,
ಹಿಡಿದದ್ದು ಬಿಡುವವನಲ್ಲ ಎಂದೂ ಬರೆದಿದೆ.

ಮೂರು ರಾತ್ರಿ ಕೂತೆ.
ಸೋರೆಬುರುಡೆಯಲ್ಲಿ ಕಹಿಸೊಪ್ಪಿನ ನೀರು ಆರಿತು.
ಸೂತ್ರ ಕಟ್ಟಿದೆ, ಕೆಡವಿದೆ.
ನಾನು ವಾಲಿದ ಕಡೆಗೇ ವಾಲಿತು ತಕ್ಕಡಿ.

ಕೊನೆಯ ಪುಟದಲ್ಲಿ ತಂಡದ ಯಾದಿ, ಹುಟ್ಟಿದ ದಿನ ಸಮೇತ.
ಬಾಲ್ದೊಮೇರೊ, ಡಿಸೆಂಬರ್ ಇಪ್ಪತ್ತೆಂಟು.
ತಲೆಯೆತ್ತಿ ನನ್ನ ಪರದೆಯ ಹುಡುಗರನ್ನು ನೋಡಿದೆ.
ಜನವರಿ. ಜನವರಿ. ಮಾರ್ಚ್. ಫೆಬ್ರವರಿ. ಜನವರಿ.
ಜೂನಿನಿಂದಾಚೆ ಮೂವರು.
ಡಿಸೆಂಬರಿನಲ್ಲಿ ಯಾರೂ ಹುಟ್ಟಿಲ್ಲ.

ಒಂದೇ ಇಸವಿಯ ಮಕ್ಕಳು;
ಹನ್ನೊಂದು ತಿಂಗಳು ಹೆಚ್ಚು ಹಾಲು ಕುಡಿದವರು
ಹತ್ತರ ವಯಸ್ಸಿಗೆ ನಾಲ್ಕು ಬೆರಳು ಎತ್ತರ.
ಆ ನಾಲ್ಕು ಬೆರಳಿಗೆ ನಾವು ಪ್ರತಿಭೆ ಎಂದು ಹೆಸರಿಟ್ಟೆವು.

ಅಂದು ವಯಸ್ಸಿಗೊಂದು ತಂಡ ಇರಲಿಲ್ಲ.
ಕಾರ್ಖಾನೆ ಗೇಟಿನ ಮುಂದೆ, ದೊಡ್ಡವರ ಕಾಲ ಸಂದಿಯಲ್ಲಿ,
ಪುಟ್ಟವರು ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಲೆಕ್ಕಕ್ಕಿಲ್ಲದೆಯೇ ಕಲಿತರು.
ಆ ಕಾಲವೇ ಚೆನ್ನಾಗಿತ್ತು ಅನ್ನಲಾರೆ:
ಅದೇ ಯಾದಿಯಲ್ಲಿ ಆರು ಹೆಸರುಗಳ ಮುಂದೆ "ಮೊಣಕಾಲು ಹೋಯಿತು",
ಒಂದರ ಮುಂದೆ "ಕ್ಷಯ".

ಮಾರ್ಚಿನಲ್ಲಿ ಫೆರ್ಮೀನ್ ಎಂಬ ಹುಡುಗನಿಗೆ
ಜಾಗವಿಲ್ಲವೆಂದು ಕಾಗದ ಬರೆದವಳು ನಾನೇ.
ಕಡತ ತೆಗೆದೆ. ಡಿಸೆಂಬರ್ ಒಂಬತ್ತು.
ಅಂಕಿಗಳು ಸುಳ್ಳು ಹೇಳಿರಲಿಲ್ಲ,
ನಾನು ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟಿದ್ದವು.

ಓಲ್ಮೆದೊಗೆ ಇನ್ನೂ ಏನೂ ಹೇಳಿಲ್ಲ.
ಗೋಡೆಗೆ ಸುಣ್ಣ ಬಳಿದು ಹೋಗಿದ್ದಾರೆ.
ಇವತ್ತು ಸಂಜೆ, ಎಲ್ಲರೂ ಹೋದ ಮೇಲೆ,
ಯಾರೋ ಆ ಹಸಿ ಬಿಳುಪಿಗೆ ಚೆಂಡು ಬಡಿಯುತ್ತಿದ್ದಾರೆ.
ಧಪ್. ಧಪ್. ಒಂದು ತಪ್ಪಿತು. ಧಪ್.

ಎಣಿಸಬಾರದು ಅಂದುಕೊಂಡೆ.
ಹದಿನಾಲ್ಕರವರೆಗೆ ಎಣಿಸಿಬಿಟ್ಟೆ.