ಮುಳ್ಳು

ಕೊರ್ತಿ ದಾಟಿ ಕೃಷ್ಣೆಯ ಸೇತುವೆ ಏರೂದ ತಡ,
ಸುಮ್ಮನಿದ್ದ ಮುಳ್ಳು
ಒಮ್ಮೆಲೇ ಕೆಂಪಿಗೆ ಜಿಗೀತು.
ಎಡಕ್ಕ ನೀರು, ಬಲಕ್ಕ ನೀರು,
ಕಣ್ಣು ಹೋದಷ್ಟೂ ಹಿನ್ನೀರು.
ನನ್ನ ಮುಂದ ಮಾತ್ರ ಬೆಂಕಿ.

ಇದು ಐದನೇ ಸಲ.
ಗುಳೇದಗುಡ್ಡದಿಂದ ವಿಜಯಪುರಕ್ಕ
ವಾರಕ್ಕೊಮ್ಮೆ ಖಣ ಒಯ್ಯಾಕಿ ನಾನು.
ಹಿಂದಿನ ಸೀಟಿನ್ಯಾಗ ನಾಕು ಗಂಟು,
ಮಗ್ಗಲ ಸೀಟಿನ್ಯಾಗ ಎರಡು ಕ್ಯಾನು ನೀರು,
ಬೀಗರು ಕುಂತಂಗ.

ಬಾಗಲಕೋಟಿಯಾಂವ ಥರ್ಮೋಸ್ಟಾಟ್ ಬದಲಿಸಿದ.
ಬೀಳಗಿ ಕ್ರಾಸಿನಾಂವ ರೇಡಿಯೇಟರ್ ತೊಳದು,
ಫ್ಯಾನಿಗೆ ಹೊಸಾ ಮೋಟರ್ ಹಾಕಿ
ಮೂರು ಸಾವಿರದ ಇನ್ನೂರು ಎಣಿಸ್ಕೊಂಡ.
ಮನಿಯವರು ಪುಕ್ಕಟೆ ಹೇಳಿದ್ರು:
"ಗಾಡಿದೇನೂ ತಪ್ಪಿಲ್ಲ.
ನೀ ಸೆಕೆಂಡ್ ಗೇರಿನ್ಯಾಗ ಎಳದಾಡ್ತಿ."
ನಲವತ್ತಾರಕ್ಕ ಸ್ಟಿಯರಿಂಗ್ ಹಿಡದಾಕಿ ನಾನು,
ಖರೇ ಇರಬೇಕು ಅಂದ್ಕೊಂಡೆ.
ಲಗೂ ಲಗೂ ಥರ್ಡಿಗೆ ಹಾಕೂದು ಕಲತೆ.
ಆದ್ರೂ ಏರತಿತ್ತು.

ಟ್ರ್ಯಾಕ್ಟರಿನಾಂವ ಒಬ್ಬ ಹಗ್ಗ ಕಟ್ಟಿ
ಕೊಲ್ಹಾರದ ದಸ್ತಗೀರನ ಗ್ಯಾರೇಜಿಗೆ ಎಳದು ತಂದ.
ದಸ್ತಗೀರ ಬಜಿ ತಿನ್ನಾಕತ್ತಿದ್ದ.
ಬಾನೆಟ್ ಎತ್ತಲಿಲ್ಲ. ಕೀಲಿನೂ ಕೇಳಲಿಲ್ಲ.
"ಎರಡ್ತಾಸು ಆರಲಿ, ಅಕ್ಕಾರ" ಅಂದ.
ನಾ ಹೋಗಿ ಒಂದು ಗಡಿಗಿ ಮಸರು ಕೊಂಡೆ.

ತಿರುಗಿ ಬಂದಾಗ ಪೈಪ್ ಮುಟ್ಟಿ ನೋಡಿದ.
ನನಗೂ ಮುಟ್ಟು ಅಂದ.
ಬಗಲಾಗಿನ ಗಡಿಗಿಯಷ್ಟ ತಣ್ಣಗ.
"ಈಗ ಕೀಲಿ ತಿರುವ್ರಿ. ಚಾಲೂ ಮಾಡಬ್ಯಾಡ್ರಿ."
ತಿರುವಿದೆ.
ಮುಳ್ಳು ಸೀದಾ ಕೆಂಪಿನ್ಯಾಗ.
ದಸ್ತಗೀರ ನಕ್ಕ:
"ಒಲಿ ಹಚ್ಚೇ ಇಲ್ಲ, ಹಾಲು ಉಕ್ಕ್ಯದ!"

ಸೆನ್ಸರಿನ ಸಾಕೆಟ್ ಕಿತ್ತ.
ಮುಳ್ಳು ಇಳೀಬೇಕಾಗಿತ್ತಂತ. ಇಳೀಲಿಲ್ಲ.
"ಹಂಗಾದ್ರ ಸೆನ್ಸರ್ ಏನೂ ಅಂದಿಲ್ಲ, ಪಾಪ.
ನಡುವ ಯಾರೋ ಚಾಡಿ ಹೇಳ್ಯಾರ."
ವೈರಿನ ಬೆನ್ನು ಹತ್ತಿದ,
ಬ್ಯಾಟರಿ ಕೆಳಗ, ಏರ್ ಫಿಲ್ಟರಿನ ಹಿಂದ,
ಬಾಯಾಗ ಟಾರ್ಚು ಕಚ್ಚಿ.
ಸಿಗಲಿಲ್ಲ.

ಆಗ ನಾನೂ ಬಗ್ಗಿದೆ.
ಇಪ್ಪತ್ತು ವರ್ಷ ಖಣ ಮಡಚಿದ ಕೈ ಇವು.
ಹುಳ ಎಲ್ಲಿ ಬೇಕಾದಲ್ಲಿ ಹತ್ತೀತು,
ಬಣ್ಣ ಎಲ್ಲಿ ಬೇಕಾದಲ್ಲಿ ಹೋದೀತು,
ಅರಿವಿ ಪಿಸಿಯೂದು ಮಾತ್ರ ಮಡಿಕಿ ಬಿದ್ದಲ್ಲೇ.
"ಈ ವೈರು ಎಲ್ಲಿ ಮಡಚೈತಿ?" ಅಂದೆ.
ಟಾರ್ಚು ಬಾಯಿಂದ ತಗದು
ಅಂವ ನನ್ನ ಮಾರಿ ನೋಡಿದ.

ಮಡಗಾರ್ಡಿನ ಸಂದಿಯೊಳಗ, ಒಂದು ಕ್ಲಿಪ್ಪಿನ ಕೆಳಗ,
ಮ್ಯಾಲಿನ ರಬ್ಬರ್ ತಿಕ್ಕಿ ತಿಕ್ಕಿ ಹರದು,
ಜ್ವಾಳದ ಕಾಳಿನಷ್ಟು ತಾಮ್ರ
ಬಾಡಿಯ ತಗಡಿಗೆ ಬಾಯಿ ಹಚ್ಚಿತ್ತು.
ರಸ್ತೆ ಕುಲುಕಿದಾಗೊಮ್ಮೆ ಅದು ತಾಕೂದು,
ಮುಳ್ಳು ಅದನ್ನ ನಂಬೂದು,
ನಾ ಮುಳ್ಳನ್ನ ನಂಬಿ
ನಡು ಹಾದಿಯಾಗ ನೀರು ಹಿಡಕೊಂಡು ನಿಂದ್ರೂದು.

ಪಾನಾ ಕೊಡೂ ಹುಡುಗ ಅಂದ:
"ಮೀಟರಿನ ವೈರೇ ಕತ್ತರಿಸಿ ಒಗೀರಿ ಚಾಚಾ, ಕಾಟ ತಪ್ಪತದ."
ದಸ್ತಗೀರ ಟೇಪು ಸುತ್ತತಾ ತಲಿ ಎತ್ತಲಿಲ್ಲ.
"ಮುಳ್ಳು ಕಿತ್ತರ ಸುಳ್ಳು ಹೋಗತದ, ಹೌದು.
ನಾಳೆ ಖರೇ ಹೇಳಾವರು ಯಾರು, ನಿಮ್ಮಪ್ಪ?"

ಎಂಬತ್ತು ರೂಪಾಯಿ ತಗೊಂಡ.
ಟೇಪಿನ ಕಿಮ್ಮತ್ತೂ ಅದರಾಗ ಬಂತು.
ಎರಡೂ ಕ್ಯಾನು ಅವನ ಬೇವಿನ ಗಿಡಕ್ಕ ಸುರುವಿದೆ.
ಇಲ್ಲ, ಒಂದನ್ನ ಸುರುವಿದೆ.
ಇನ್ನೊಂದು ಇರಲಿ ಅನಿಸ್ತು.

ಹೊಂಡೂದ್ರೊಳಗ ಮನಿಯವರ ಫೋನು:
"ಏನಂತ? ಎಷ್ಟು ಬಡದ?"
"ಮಡಿಕಿ ಬಿದ್ದಲ್ಲಿ ಪಿಸಿದಿತ್ತು" ಅಂದೆ.
ಅವರಿಗೆ ತಿಳೀಲಿಲ್ಲ. ನಾನೂ ಬಿಡಿಸಿ ಹೇಳಲಿಲ್ಲ.

ಊರ ಹೊರಗಿನ ಏರಿನ್ಯಾಗ
ಬೇಕಂತಲೇ ಸೆಕೆಂಡಿಗೆ ಹಾಕಿ
ಎಂಜಿನ್ ಒದರೂ ಹಂಗ ಎಳದೆ.
ಮುಳ್ಳು ನಡುವ ನಿಂತಿತ್ತು.
ಆದ್ರೂ ವಿಜಯಪುರದ ತನಕ
ಒಂದು ಕಣ್ಣು ಅದರ ಮ್ಯಾಲೇ ಇತ್ತು.
ಒಂದು ಕೈ, ಗಡಿಗಿ ಮ್ಯಾಲ.