ಒಂಬತ್ತರ ತನಕಾ

ಹೋಗಿದ್ದು ಮೊಣಕಾಲಿನ ಸಲುವಾಗಿ.
ಅವರು ಕೇಳಿದ್ದು ಇಡೀ ಬಳಗದ ಸುದ್ದಿ,
ಹೆಣ್ಣು ನೋಡಾಕ ಬಂದವರ ಗತೆ.

ಅಕ್ಕ ಅಂದರ ನನ್ನ ಹಿರೇ ನೆಗೆಣ್ಣಿ, ಇಂದುಮತಿ.
ಸೊಲ್ಲಾಪುರದ ಅಶೋಕ ಚೌಕದ ಹಿಂದ
ನಲವತ್ತೊಂದು ವರ್ಷ ಕಾಲು ಮಡಚಿ ಕುಂತು
ಮೊರದ ತುಂಬ ಬೀಡಿ ಕಟ್ಟಿದಾಕಿ.
ಈಗ ಪಾಯಖಾನಿಯಿಂದ ಏಳಬೇಕಂದರ
ಚಿಲಕಕ್ಕ ಕಟ್ಟಿದ ಹಳೇ ಸೀರಿ ಹಿಡೀಬೇಕು.

ಎಲುವಿನ ಡಾಕ್ಟರು ಫೋಟೋ ಬೆಳಕಿಗೆ ಹಿಡದು
‘ಸವದೈತಿ, ಬದಲಿ ಮಾಡೂಣು’ ಅಂದರು.
‘ಆದರ ಮೊದಲ...’

ಮೊದಲ ಸಕ್ಕರಿ. ಮೂರು ತಿಂಗಳದ ಲೆಕ್ಕ ಹತ್ತು ದಾಟಿತ್ತು.
ಸಿಹಿ ರಕ್ತದಾಗ ಗಾಯ ಲಗೂನ ಮಾಯಂಗಿಲ್ಲ,
ಕೀವು ಬಾಡಿಗಿ ಕೊಡದ ಬಂದು ಕೂಡತೈತಿ.
ಆಮ್ಯಾಲ ಹಲ್ಲು. ಹುಳುಕು ಎರಡು ಕೀಳಸ್ರಿ ಅಂದರು.
‘ನಾ ಏನು ಕಾಲಿಲೆ ಉಣ್ಣತೀನೇನು?’ ಅಂದಳು ಅಕ್ಕ.
‘ರಕ್ತಕ್ಕ ಚೆಕ್‌ಪೋಸ್ಟ್ ಇಲ್ಲ ಬಾಯಿ,
ಹಲ್ಲಿನ ಹೊಲಸು ಹೊಸ ಕೀಲಿನ ತನಕಾ
ನಡಕೋತ ಹೋಗತೈತಿ.’
ಆಮ್ಯಾಲ ಎದಿ. ಹ್ವಾದ ವರ್ಷ ಹಾಕಿದ ಸ್ಟೆಂಟು,
ರಕ್ತ ತೆಳು ಮಾಡೂ ಗುಳಿಗಿ:
ಬಿಟ್ಟರ ಎದ್ಯಾಗ ಹೆಪ್ಪು, ಬಿಡದಿದ್ದರ ಕಾಲಾಗ ಸೋರು.
ಅದಕ್ಕೊಂದು ಬ್ಯಾರೆ ಡಾಕ್ಟರ ಚೀಟಿ.

ಕಡೀಕ ಭೂಲ್ ಕೊಡೂ ಬಾಯಿ, ಮೈ ಮರಸಾಕಿ,
ಸಣ್ಣ ಹುಡುಗಿ, ಪೆನ್ನಿನ ಟೊಪ್ಪಿಗಿ ಕಚ್ಚಿಕೋತ ಕೇಳಿದಳು:
‘ನಿದ್ದ್ಯಾಗ ಉಸುರು ನಿಲ್ಲತೈತೇನು?’
‘ಮಲಗಿದಾಕಿನ್ನ ಕೇಳಿದರ ಹ್ಯಾಂಗ ಹೇಳಲಿ?’
‘ಮಗ್ಗಲಾಗ ಯಾರು ಮಲಗತಾರ?’

ಹಾಳ್ಯಾಗ ಗಂಡನ ಹೆಸರಿನ ಮುಂದ ಗೀಟು ಇತ್ತು.
‘ನಾ,’ ಅಂದೆ.
ಹನ್ನೊಂದು ವರ್ಷ ಒಂದ ಖೋಲಿ, ಒಂದ ಚಾದರ.
‘ನಿಲ್ಲತೈತ್ರಿ. ಗೊರಕಿ ಕತ್ತರಿಸಿದಂಗ.
ನಾ ಎಣಸತೀನಿ, ಬೀಡಿ ಎಣಿಸಿದಂಗ.
ಒಂಬತ್ತರ ತನಕಾ ತಡೀತೀನಿ.
ಹತ್ತಕ್ಕ ಮೊಣಕೈಲೆ ತಿವೀತೀನಿ.’

ಹುಡುಗಿ ಬರೆಯೂದು ಬಿಟ್ಟು ನನ್ನ ನೋಡಿದಳು.
ಆಮ್ಯಾಲ ಬರದು, ಕೆಳಗ ಎರಡು ಗೆರಿ ಎಳದಳು.
ಅಕ್ಕ ಮಾತ್ರ ನೆಲಾ ನೋಡಿದಳು.
ಹೇಳಿರಲಿಲ್ಲ ನಾ.
ಹೇಳಿದ್ದರ ಮಲಗತಿದ್ದಳೇನು?

‘ದೀಪಾವಳಿ ಮುಗೀಲಿ, ನೋಡೂಣು’ ಅಂದರು.
ರಿಕ್ಷಾದಾಗ ಅಕ್ಕನ ಸಿಟ್ಟು:
‘ಕಾಲು ನಂದು. ಅದಕ್ಕ ಹಲ್ಲಿನ ಪರವಾನಗಿ ಬೇಕಂತ,
ಎದೀದು ಬೇಕಂತ, ನಿದ್ದೀದೂ ಬೇಕಂತ.’
ಮಾರ್ಕೆಟ್ ಯಾರ್ಡಿನ ಹಂತೇಲಿ ಚಾ ಕುಡದ್ವಿ.
‘ಸಕ್ಕರಿ ಬ್ಯಾಡ’ ಅಂದಳು,
ಯಾರೋ ಸತ್ತಂಗ ಮಾರಿ ಮಾಡಿ.

ರಾತ್ರಿ ದೀಪಾ ಆರಿಸಿ ಎಷ್ಟೋ ಹೊತ್ತಿನ ಮ್ಯಾಲ
‘ಹತ್ತಕ್ಕ ತಿವಿಯೂದು ಮರೀಬ್ಯಾಡ’
ಅಂದು ಗ್ವಾಡಿ ಕಡೆ ಹೊಳ್ಳಿದಳು.
ಉಸುರು ಇನ್ನೂ ನಡದ ಇತ್ತು.
ನಾ ಒಂದು ಅಂದೆ.